ಬೊಳ್ಳು ಸೇರಿದ ಭಾನುವಾರದ ಕ್ಲಾಸು

ನಾಯಿಯನ್ನು ಕ್ಲಾಸಿಗೆ ಸೇರಿಸುತ್ತೇನೆ ಎಂದು ಬಿಟ್ಟಂಗಾಲದ ಯಮುನ ಹೇಳಿದಾಗ ಅವಳ ಗಂಡ ಮೊಣ್ಣಪ್ಪ ಊಟದ ತಟ್ಟೆಯಿಂದ ತಲೆ ಎತ್ತಿದ.

"ನಾಯಿಗೆ ಎಂಥ ಕ್ಲಾಸು?"

"ವಿರಾಜಪೇಟೆಯಲ್ಲಿ ಹವಾಲ್ದಾರ್ ಉತ್ತಯ್ಯ ಶುರು ಮಾಡ್ತಾರಂತೆ. ಪ್ರತಿ ಭಾನುವಾರ ಬೆಳಿಗ್ಗೆ, ಎಂಟು ವಾರ. ಹೇಳಿದ ಮಾತು ಕೇಳೋ ಹಾಗೆ ಕಲಿಸ್ತಾರಂತೆ. ಎಸ್ಟೇಟಿನವರೆಲ್ಲ ಕರ್ಕೊಂಡು ಹೋಗ್ತಾರೆ."

"ಅವರದ್ದು ಜಾತಿ ನಾಯಿ. ನಮ್ಮದು ಕೂಲಿ ಲೈನಿನ ಹಿಂದೆ ಹುಟ್ಟಿದ್ದು."

ಅದು ಸುಳ್ಳಲ್ಲ. ಬೊಳ್ಳು ಮೂತಿಯಿಂದ ಬಾಲದ ತುದಿಯವರೆಗೂ ಬಿಳಿಯ ನಾಯಿ, ಒಂದೂವರೆ ವರ್ಷದ್ದು. ಕಚ್ಚುವುದಿಲ್ಲ, ಕದಿಯುವುದಿಲ್ಲ. ಆದರೆ ಕರೆದರೆ ಬರುವುದಿಲ್ಲ. ಹಿಂದಿನ ವಾರ ಗೋಣಿಕೊಪ್ಪದ ರಸ್ತೆಯ ನಡುವೆ ನಿಂತಿದ್ದಾಗ ಹಿಂದಿನಿಂದ ಬಂದ ಲಾರಿ ಹಾರನ್ ಹೊಡೆದೇ ಹೊಡೆಯಿತು. ಬೊಳ್ಳು ಅಲುಗಲಿಲ್ಲ. ಡ್ರೈವರ್ ಬ್ರೇಕ್ ಹಾಕಿ ಇಳಿದು ಬಂದು ಮೊಣ್ಣಪ್ಪನಿಗೆ ಬಾಯಿಗೆ ಬಂದಂತೆ ಬೈದ. ಅವತ್ತೇ ಮೊಣ್ಣಪ್ಪ, "ಇದಕ್ಕೆ ಸೊಕ್ಕು. ಕುಟ್ಟದಲ್ಲಿರೋ ಭಾವನ ತೋಟಕ್ಕೆ ಕಳಿಸ್ತೇನೆ, ಕಟ್ಟಿ ಹಾಕಿ ಸಾಕಲಿ" ಅಂದಿದ್ದ.

"ಎಂಟು ವಾರ ಕೊಡಿ," ಅಂದಳು ಯಮುನ. "ಆಮೇಲೂ ಹೀಗೇ ಇದ್ದರೆ ನಾನೇ ಕುಟ್ಟಕ್ಕೆ ಬಿಟ್ಟು ಬರ್ತೇನೆ."

ಕಾಫಿ ಕುಯ್ಲು ಮುಗಿದಿತ್ತು, ಕೈ ಬಿಡುವಾಗಿತ್ತು. ಮೊದಲ ಭಾನುವಾರ ಬಸ್ಸಿನ ಕಂಡಕ್ಟರ್ ನಾಯಿಯನ್ನು ಹತ್ತಿಸಿಕೊಳ್ಳಲಿಲ್ಲ. ನಾಲ್ಕು ಮೈಲಿ ನಡೆದೇ ಹೋದಳು. ಮೈದಾನದಲ್ಲಿ ಆಗಲೇ ಹತ್ತು ನಾಯಿಗಳಿದ್ದವು. ದೊಡ್ಡ ಅಲ್ಸೇಷನ್‌ಗಳು, ಉದ್ದ ಕಿವಿಯವು, ಗಿಡ್ಡ ಕಾಲಿನದೊಂದು. ಎಲ್ಲದರ ಕುತ್ತಿಗೆಗೂ ಹೊಳೆಯುವ ಚರ್ಮದ ಪಟ್ಟಿ. ಬೊಳ್ಳುವಿನ ಕುತ್ತಿಗೆಗೆ ಹಸು ಕಟ್ಟುವ ಹಗ್ಗ.

ಉತ್ತಯ್ಯ ಮರದ ಕೆಳಗೆ ಕುರ್ಚಿ ಹಾಕಿಕೊಂಡು ದಪ್ಪ ಪುಸ್ತಕದಲ್ಲಿ ಹೆಸರು ಬರೆಯುತ್ತಿದ್ದರು. ಪಟಾಲಂ ಬಿಟ್ಟು ಏಳೆಂಟು ವರ್ಷವಾಗಿದ್ದರೂ ಬೆನ್ನು ನೆಟ್ಟಗಿತ್ತು.

"ಹೆಸರು?"

"ಬೊಳ್ಳು."

"ಜಾತಿ?"

ಯಮುನ ಹಗ್ಗವನ್ನು ಕೈಗೆ ಸುತ್ತಿಕೊಂಡಳು. ಹಿಂದೆ ನಿಂತಿದ್ದ ಯಾರೋ ನಕ್ಕರು. ಉತ್ತಯ್ಯ ನಾಯಿಯನ್ನು ನೋಡಿದರು, ಅವಳನ್ನು ನೋಡಿದರು. ಆಗಿನ್ನೂ ಕೊಡಗು ಬೇರೆಯೇ ರಾಜ್ಯ. ಜಾತಿಯ ಕಾಲಂನಲ್ಲಿ 'ಕೊಡಗು ರಾಜ್ಯ' ಎಂದು ಬರೆದು, "ಸಾಲಿಗೆ ನಿಲ್ಲಿ ತಂಗಿ," ಅಂದರು.

ಮೂರು ವಾರ ಬೊಳ್ಳು ಎಲ್ಲರಿಗಿಂತ ಹಿಂದೆ. 'ಸಿಟ್' ಎಂದರೆ ಉಳಿದ ಹತ್ತೂ ಕೂರುತ್ತಿದ್ದವು, ಇದು ಹುಲ್ಲು ಮೂಸುತ್ತಿತ್ತು. ಆದರೂ ಹಗ್ಗ ಹಿಡಿದು ನಡೆಸುವಾಗ ಯಮುನಳ ಮುಖವನ್ನೇ ನೋಡುತ್ತಾ ಹೆಜ್ಜೆಗೆ ಹೆಜ್ಜೆ ಹಾಕುತ್ತಿತ್ತು. ಅದೊಂದು ಅವಳಿಗೆ ಅರ್ಥವಾಗಿರಲಿಲ್ಲ. ಬೆಳ್ಯಪ್ಪ ಎಂಬ ಪ್ಲಾಂಟರ್ ತನ್ನ ಅಲ್ಸೇಷನ್ ರೆಕ್ಸ್‌ನ ತಲೆ ಸವರುತ್ತಾ, "ಊರ ನಾಯಿ ಕಾವಲಿಗೆ ಸರಿ, ಕಲಿಸೋದಕ್ಕಲ್ಲ," ಅಂದರು. ಆ ದಿನ ನಾಲ್ಕು ಮೈಲಿಯನ್ನು ಯಮುನ ಓಡಿದಂತೆ ನಡೆದಳು.

ನಾಲ್ಕನೇ ವಾರ ಸಾಲಿನ ಹಿಂದೆ ನಿಂತು ಉತ್ತಯ್ಯ ವಿಸಿಲ್ ಊದಿದರು. ಹತ್ತು ನಾಯಿಗಳು ಸರ್ರನೆ ತಿರುಗಿದವು. ಬೊಳ್ಳು ಮಾತ್ರ ಮುಂದೆ ನೋಡುತ್ತಿತ್ತು. ಪಕ್ಕದ ನಾಯಿ ತಿರುಗಿದ್ದನ್ನು ಕಂಡ ಮೇಲೆ ಅದೂ ತಿರುಗಿತು.

ಉತ್ತಯ್ಯ ಎಲ್ಲರನ್ನೂ ನಿಲ್ಲಿಸಿ, ಬೊಳ್ಳುವಿನ ಬೆನ್ನ ಹಿಂದೆ ಡಬ್ಬಿಯ ಮುಚ್ಚಳಗಳೆರಡನ್ನು ಒಂದಕ್ಕೊಂದು ಬಡಿದರು. ಕಿವಿ ಅಲುಗಲಿಲ್ಲ. ಬೂಟುಗಾಲಿನಿಂದ ನೆಲ ಒದ್ದರು. ನೆಲ ಅದುರಿದ ತಕ್ಷಣ ತಿರುಗಿತು.

"ತಂಗಿ, ನಿನ್ನ ನಾಯಿಗೆ ಸೊಕ್ಕಿಲ್ಲ. ಕಿವಿ ಕೇಳೋದಿಲ್ಲ."

ಯಮುನ ಅಲ್ಲೇ ಹುಲ್ಲಿನ ಮೇಲೆ ಕುಳಿತಳು. ಲಾರಿಯ ಹಾರನ್ ನೆನಪಾಯಿತು. ಕರೆದರೂ ಬರಲಿಲ್ಲವೆಂದು ಒಮ್ಮೆ ಪೊರಕೆಯಲ್ಲಿ ಹೊಡೆದದ್ದು ನೆನಪಾಯಿತು. ಬೊಳ್ಳು ಅವಳ ಕೈ ನೆಕ್ಕುತ್ತಿತ್ತು.

"ಹಾಗಾದರೆ ಹೆಸರು ಹೊಡೆದು ಹಾಕ್ತೀರಾ?"

"ಯಾಕೆ? ಯುದ್ಧದಲ್ಲಿ, ಬರ್ಮಾದ ಕಾಡಲ್ಲಿ ಬಾಯಿ ಬಿಟ್ಟರೆ ಗುಂಡು ಬರ್ತಿತ್ತು. ಎಂಟು ತಿಂಗಳು ನನ್ನ ಪಟಾಲಂ ನಾಯಿಗಳ ಹತ್ತಿರ ಒಂದು ಮಾತಾಡಿಲ್ಲ ನಾನು. ಎಲ್ಲ ಕೈಯಲ್ಲೇ." ಅವರ ಕಣ್ಣು ಹೊಳೆಯುತ್ತಿತ್ತು. "ಏಳು, ತೋರಿಸ್ತೇನೆ."

ಅಂಗೈ ಮೇಲೆತ್ತಿದರೆ ಕೂರು. ಅಂಗೈ ಎದುರಿಗೆ ಹಿಡಿದರೆ ಅಲ್ಲೇ ಇರು. ಕೈ ಎದೆಗೆ ತಂದರೆ ಬಾ. ಉತ್ತಯ್ಯ ಬೊಳ್ಳುವನ್ನು ಎರಡು ಸಲ ಅಂಗೈ ತೋರಿಸಿ, ಸೊಂಟ ಒತ್ತಿ ಕೂರಿಸಿದರು. ಮೂರನೇ ಸಲ ಯಮುನ ಅಂಗೈ ಎತ್ತಿದಳು, ಬೊಳ್ಳು ತಾನಾಗಿಯೇ ಕುಳಿತಿತು. ಇನ್ನೊಮ್ಮೆ ಮಾಡಿದಳು, ಮತ್ತೊಮ್ಮೆ ಮಾಡಿದಳು. ಕ್ಲಾಸು ಮುಗಿದು ಎಲ್ಲರೂ ಹೊರಟರೂ ಅವಳಿಗೆ ನಿಲ್ಲಿಸಲು ಮನಸ್ಸಿರಲಿಲ್ಲ.

ಮನೆಯಲ್ಲಿ ಕಾಫಿ ಒಣಗಿಸುವ ಕಣದಲ್ಲಿ ದಿನಾ ಅಭ್ಯಾಸ. ನಡೆಯುತ್ತಾ ಬೊಳ್ಳು ತಿರುಗಿ ತನ್ನತ್ತ ನೋಡಿದಾಗಲೆಲ್ಲ ಒಂದು ಚೂರು ಒಣಮೀನು ಕೊಟ್ಟಳು. ವಾರದೊಳಗೆ ಅದು ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡತೊಡಗಿತು. ನಾಯಿ ಕಿವುಡೆಂದರೆ ಮೊಣ್ಣಪ್ಪ ನಂಬಲಿಲ್ಲ. ಒಂದು ಮಧ್ಯಾಹ್ನ ಅವನು ಯಾರೂ ಇಲ್ಲವೆಂದುಕೊಂಡು, ಮಲಗಿದ್ದ ಬೊಳ್ಳುವಿನ ಹಿಂದೆ ಹಿತ್ತಾಳೆ ಚೆಂಬನ್ನು ಬಡಿಯುತ್ತಾ ನಿಂತಿದ್ದನ್ನು ಯಮುನ ಕಿಟಕಿಯಿಂದ ಕಂಡಳು. ಬೊಳ್ಳು ಏಳಲಿಲ್ಲ. ಮೊಣ್ಣಪ್ಪ ಚೆಂಬು ಕೆಳಗಿಟ್ಟು ಬಹಳ ಹೊತ್ತು ಅದರ ಪಕ್ಕ ಕುಕ್ಕರಗಾಲಲ್ಲಿ ಕುಳಿತಿದ್ದ. ಕುಟ್ಟದ ಮಾತು ಮತ್ತೆ ಬರಲಿಲ್ಲ.

ಎಂಟನೇ ಭಾನುವಾರ ಪರೀಕ್ಷೆ. ಹನ್ನೊಂದು ನಾಯಿಗಳನ್ನು ಸಾಲಾಗಿ ಕೂರಿಸಿ ಯಜಮಾನರೆಲ್ಲ ಮೈದಾನದ ಇನ್ನೊಂದು ಕೊನೆಗೆ ಹೋಗಿ ನಿಲ್ಲಬೇಕು. ಆಮೇಲೆ ಒಬ್ಬೊಬ್ಬರೇ ಕರೆಯಬೇಕು.

ಎಲ್ಲರೂ ಹೋಗಿ ನಿಂತರಷ್ಟೆ, ಪಕ್ಕದ ರಸ್ತೆಯಲ್ಲಿ ವಾಲಗ ಊದುತ್ತಾ ಮದುವೆಯ ದಿಬ್ಬಣ ಬಂತು. ಜೊತೆಗೆ, ಮದುವೆಯ ಪದ್ಧತಿಯಂತೆ, ಢಂ, ಢಂ ಎಂದು ಕೋವಿಯ ಈಡು.

ಸಾಲು ಚೆಲ್ಲಾಪಿಲ್ಲಿಯಾಯಿತು. ಗಿಡ್ಡ ಕಾಲಿನದು ಕುರ್ಚಿಯ ಕೆಳಗೆ ನುಗ್ಗಿತು. ರೆಕ್ಸ್ ಬೇಲಿ ಹಾರಿ ಸಂತೆಯ ಕಡೆ ಓಡಿತು, ಬೆಳ್ಯಪ್ಪ ಹ್ಯಾಟು ಹಿಡಿದುಕೊಂಡು ಅದರ ಹಿಂದೆ ಓಡಿದರು. ಬೊಳ್ಳು ಒಂದೇ ಕುಳಿತಿತ್ತು.

"ಕೇಳಿಸದೆ ಇದ್ದರೆ ಯಾವ ನಾಯಿಯೂ ಕೂರ್ತದೆ," ಅಂದರು ಯಾರೋ.

"ಕಣ್ಣು ಕಾಣ್ತದಲ್ಲ," ಅಂದರು ಉತ್ತಯ್ಯ. "ಎಲ್ಲ ಓಡೋದು ಕಾಣ್ತಾ ಉಂಟು. ಈಗ ಕರೆ ತಂಗಿ."

ನಾಯಿಗಳು ಬೊಳ್ಳುವಿನ ಸುತ್ತ ಹುಚ್ಚೆದ್ದು ಸುತ್ತುತ್ತಿದ್ದವು. ಒಂದು ಅದರ ಮೈಮೇಲೇ ಬಿತ್ತು. ಬೊಳ್ಳು ಅತ್ತ ಕಣ್ಣು ಹೊರಳಿಸಿತು. ಮತ್ತೆ ಅದು ಅವಳತ್ತ ನೋಡಿತು. ಅವಳು ಕೈಯನ್ನು ಎದೆಗೆ ತಂದಳು.

ಬೊಳ್ಳು ಎದ್ದಿತು. ಗದ್ದಲದ ನಡುವಿನಿಂದ, ಎಡಕ್ಕೂ ಬಲಕ್ಕೂ ಹೊರಳದೆ, ಹೊಟ್ಟೆ ನೆಲಕ್ಕೆ ತಾಗುವಂತೆ ಓಡಿಬಂದು ಅವಳ ಕಾಲಿನ ಮುಂದೆ ಧೂಳೆಬ್ಬಿಸಿ ಕುಳಿತಿತು. ಮೈದಾನದ ಅಂಚಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ದಿಬ್ಬಣದವರೂ ನಿಂತು ತಟ್ಟಿದರು. ಯಮುನ ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ.

"ಮಳೆ ಕಳೆದ ಮೇಲೆ ಹೊಸ ಕ್ಲಾಸು ಶುರು ಮಾಡ್ತೇನೆ," ಅಂದರು ಉತ್ತಯ್ಯ. "ಕೈಸನ್ನೆ ಕಲಿಸೋದಕ್ಕೆ ನೀನು ಬರಬೇಕು."

"ಬರ್ತೇನೆ," ಅಂದಳು ಯಮುನ, ಮನೆಯಲ್ಲಿ ಕೇಳಬೇಕೆಂದು ಹೊಳೆಯುವ ಮೊದಲೇ.

ಬೇಲಿಯ ಹತ್ತಿರ ಮೊಣ್ಣಪ್ಪ ಸೈಕಲ್ ಹಿಡಿದು ನಿಂತಿದ್ದ. ಬರುತ್ತೇನೆಂದು ಅವನು ಹೇಳಿರಲಿಲ್ಲ. ಅತ್ತಿತ್ತ ನೋಡಿ, ನಾಚಿಕೊಂಡು, ಕೈಯನ್ನು ಎದೆಗೆ ತಂದ. ಬೊಳ್ಳು ಒಮ್ಮೆ ಯಮುನಳ ಮುಖ ನೋಡಿ, ಅವನ ಕಡೆ ಹಾರಿ ಓಡಿತು.