ನೊರೆಯ ಬಳೆ

ನನ್ನ ಬಾಯಿ ಜೋರು ಅಂತ ಇಡೀ ಕೊಹಿನೂರು ಹಳ್ಳಿಗೆ ಗೊತ್ತು. ಹತ್ತೊಂಬತ್ತು ವರ್ಷದಿಂದ ಇಲ್ಲಿ ಅಂಗನವಾಡಿ ನಡೆಸುತ್ತಿದ್ದೇನೆ. ಬಾಯಿ ಇಲ್ಲದಿದ್ದರೆ ಆ ಮೂವತ್ತು ಮಕ್ಕಳು ನನ್ನನ್ನು ಹುರಿದು ಮುಕ್ಕಿಬಿಡುತ್ತಿದ್ದವು. ಹಾಗಾಗಿ ದ್ರೌಪತಿ ತನ್ನ ಮಗ ಬಸವಕಿರಣನನ್ನು ಇನ್ನು ಕಳಿಸುವುದಿಲ್ಲ ಅಂದಾಗ ಓಣಿಯಲ್ಲೇ ನಿಂತು ಜಗಳ ತೆಗೆದೆ.

"ನಿಮ್ಮಲ್ಲಿ ಉಂಡು ಬಂದ ದಿನಾನೇ ಅಂವನ ಹೊಟ್ಟಿ ಕೆಡಾಕತ್ತದ್ರಿ ಅಕ್ಕೋರ. ಎರಡು ತಿಂಗಳಾತು, ನಾ ನೋಡ್ಕೋತ ಬಂದೀನಿ," ಅಂದಳು ಆಕೆ, ಮೆಲ್ಲಗೆ.

"ಮನ್ಯಾಗ ನೀ ಏನ್ ತಿನ್ನಸ್ತಿ ಅದನ್ನ ನೋಡ್ಕೋ ಮೊದ್ಲ! ನಾ ಕೈ ತೊಳಸದ ಒಂದು ತುತ್ತೂ ಕೊಡಂಗಿಲ್ಲ," ಎಂದು ಹರಿಹಾಯ್ದೆ. ದ್ರೌಪತಿ ಮಗನನ್ನು ಕಂಕುಳಲ್ಲಿ ಏರಿಸಿಕೊಂಡು ಹೋಗಿಬಿಟ್ಟಳು.

ಮೂರು ವರ್ಷದ ಹುಡುಗ ಅವನು. ತೂಕದ ಪಟ್ಟಿಯಲ್ಲಿ ಅವನ ಚುಕ್ಕೆ ಕೆಂಪು ಗೆರೆಯ ಕೆಳಗೇ ಕೂತಿತ್ತು. ತಾಯಿ ತೊಗರಿ ಹೊಲದಲ್ಲಿ ಕಳೆ ತೆಗೆಯುವಾಗ ಇವನು ಬದುವಿನ ಮೇಲೆ ಒಣ ರೊಟ್ಟಿಯ ಚೂರು ಹಿಡಿದು ಕೂರುತ್ತಿದ್ದ. ನಮ್ಮಲ್ಲಿ ಸಿಗುತ್ತಿದ್ದ ಮೊಟ್ಟೆ, ಹಾಲು ಎರಡೂ ತಪ್ಪಿದರೆ ಮಗು ಉಳಿಯುವುದು ಹೇಗೆ? ಹೆದರಿಕೆಯಾದಾಗ ನನಗೆ ಸಿಟ್ಟೇ ಬರುತ್ತದೆ, ಹಾಳು ಸ್ವಭಾವ.

ಕೈ ತೊಳೆಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವೂ ಇತ್ತು. ಹುಮನಾಬಾದಿನ ತರಬೇತಿಯಲ್ಲಿ ಕಲಿತ ಹಾಡಿತ್ತು, ಗೋಡೆಗೆ ಬಣ್ಣದ ಚಿತ್ರಪಟವಿತ್ತು. ಮಕ್ಕಳು ಸಾಲಾಗಿ ನಿಂತು, ಕೈ ಕುಣಿಸುತ್ತ, ಒಂದಕ್ಷರ ತಪ್ಪದೆ ಹಾಡುತ್ತಿದ್ದವು. ನೋಡಲು ಬಂದ ಮೇಲ್ವಿಚಾರಕಿ ಚಪ್ಪಾಳೆ ತಟ್ಟಿ ಹೋಗಿದ್ದರು.

ಆಗಷ್ಟೇ ಸಹಾಯಕಿಯಾಗಿ ಬಂದವಳು ಸರ್ವರಿ. ಹುಮನಾಬಾದಿನ ಬಜಾರದಲ್ಲಿ ಗಂಡನ ಅಂಗಡಿಯಲ್ಲಿ ಇಪ್ಪತ್ತು ವರ್ಷ ಹೆಂಗಸರಿಗೆ ಬಳೆ ತೊಡಿಸಿದವಳು. ಅಂಗಡಿ ಮುಚ್ಚಿದ ಮೇಲೆ ತವರೂರಿಗೆ ಮರಳಿದ್ದಳು. ಮಾತು ಕಡಿಮೆ. ಒಂದು ವಾರ ಸುಮ್ಮನೆ ನೋಡಿದಳು. ಆಮೇಲೆ ಅಂದಳು, "ಅಕ್ಕೋರ, ಹಾಡು ಭಾಳ ಚಂದ ಅದ್ರಿ. ಕೈ ಮಾತ್ರ ಒಣಾನೇ ಅವ."

ಮೈ ಉರಿದುಹೋಯಿತು. "ಹಂಗಾರ ನೀನೇ ತೊಳಸು ನೋಡೋಣ!" ಎಂದೆ.

ಮರುದಿನ ಆಕೆ ನಳದ ಮುಂದೆ ಮಣೆ ಹಾಕಿಕೊಂಡು ಕೂತಳು. ಒಂದೊಂದು ಮಗುವಿನ ಕೈಯನ್ನೂ ತನ್ನ ಮಡಿಲಿಗೆ ತೆಗೆದುಕೊಂಡಳು. ಬಿಗಿ ಬಳೆ ಏರಿಸುವವರು ಮಾಡುವಂತೆಯೇ, ಹೆಬ್ಬೆರಳ ಬುಡ ಮೆಲ್ಲಗೆ ಒತ್ತಿ, ಸಾಬೂನು ಸವರಿ, ಗೆಣ್ಣು ಗೆಣ್ಣು ತಿಕ್ಕಿ, ಬೆರಳ ಸಂದಿಗೆಲ್ಲ ಬೆರಳು ತೂರಿಸಿದಳು. ನೊರೆ ಮಣಿಕಟ್ಟಿಗೆ ಬಂದು ಬಿಳಿ ಬಳೆಯಾಗಿ ಸುತ್ತಿತು. "ನೋಡವಾ, ಬಳಿ ಏರ್ತು. ಈಗ ನೀರ ಹಾಕು." ಗಂಡುಹುಡುಗರಿಗೆ ಅದೇ ಕಡಗವಾಯಿತು.

ನಾಲ್ಕು ವರ್ಷದ ಗಜಾಲಾ ಮನೆಯ ರೂಢಿಯಂತೆ ಬಲಗೈ ಒಂದನ್ನೇ ಚಾಚಿದಳು. ಉಣ್ಣುವುದು ಆ ಕೈಯಲ್ಲೇ ತಾನೇ! "ಒಂದ ಕೈಗೆ ಬಳಿ ಹಾಕ್ಕೊಂಡು ಶಾದಿಗೆ ಹೋಗ್ತಿಯೇನ್ ಬೇಟಿ? ಆ ಕೈನೂ ತಾ," ಎಂದಳು ಸರ್ವರಿ.

ಎಂಟೇ ದಿನ. ಸರ್ವರಿ ಕೈ ಹಿಂದಕ್ಕೆ ತೆಗೆದುಕೊಂಡಳು. ಮಕ್ಕಳೇ ತಿಕ್ಕಿಕೊಂಡು, ಒಬ್ಬರ ಮಣಿಕಟ್ಟು ಒಬ್ಬರು ಪರೀಕ್ಷೆ ಮಾಡಿ ಊಟಕ್ಕೆ ಬಿಡತೊಡಗಿದವು. ನಾನು ವರ್ಷಗಟ್ಟಲೆ ಗಂಟಲು ಹರಿದುಕೊಂಡರೂ ಆಗದ್ದನ್ನು ಆ ಹೆಂಗಸು ದನಿ ಎತ್ತದೆ ಮಾಡಿದಳು. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅಂಥ ಕೈಗೆ ಕೈ ಮುಗಿಯಲೇಬೇಕು.

ಮೊಟ್ಟೆ ಕೊಡುವ ದಿನ ಬಂತು. ಚಿಕ್ಕವರಿಗೆ ಮೊಟ್ಟೆ ಸುಲಿಯುವುದು ನನ್ನ ಕೆಲಸ. ಯಾವುದೋ ಮಗುವಿನ ಸಿಂಬಳ ಒರೆಸಿ, ನಳದಡಿ ಬಲಗೈಗೆ ಮಾತ್ರ ಸಾಬೂನು ಹಚ್ಚಿ ತೊಳೆದು ಬಂದು ಕೂತೆ. ಗಜಾಲಾ ಸೊಂಟದ ಮೇಲೆ ಕೈಯಿಟ್ಟು ಎದುರಿಗೆ ನಿಂತಳು.

"ಅಕ್ಕೋರ, ನಿಮ್ಮ ಎಡಗೈಗೆ ಬಳಿ ಇಲ್ರಿ."

"ಹೋಗ ಹುಚ್ಚಿ, ನಾ ಬಲಗೈಲೆ ಉಣ್ತೀನಲ್ಲ," ಎಂದು ನಗುತ್ತ ಮೊಟ್ಟೆ ಒಡೆದೆ. ಬಲಗೈ ಸಿಪ್ಪೆ ತೆಗೆಯಿತು. ಸುಲಿದ ಬಿಳಿ ಮೊಟ್ಟೆ ಮೈಯೊಡ್ಡಿ ಮಲಗಿದ್ದು ಎಡ ಅಂಗೈಯಲ್ಲಿ. ಸಿಂಬಳ ಒರೆಸಿದ, ಚಡ್ಡಿ ಬದಲಿಸಿದ, ಕಸಬರಿಗೆ ಹಿಡಿದ ಕೈಯಲ್ಲಿ.

ಆ ಮೊಟ್ಟೆಯನ್ನು ಪಕ್ಕಕ್ಕಿಟ್ಟೆ. ಉಳಿದ ಮಕ್ಕಳು ತಾವೇ ತಿನ್ನುತ್ತಿದ್ದವು. ಬಸವಕಿರಣ ಸಣ್ಣವನು ಅಂತ, ಸೊರಗಿದ್ದಾನೆ ಅಂತ, ಪ್ರೀತಿಯಿಂದ ತೊಡೆಯ ಮೇಲೆ ಕೂರಿಸಿಕೊಂಡು ಮೊಟ್ಟೆಯನ್ನು ಈ ಎಡಗೈಯಲ್ಲೇ ಹಿಡಿದು ಚೂರು ಚೂರು ಮುರಿದು ಬಾಯಿಗಿಟ್ಟಿದ್ದೆ. ಅದೊಂದೇ ಕಾರಣ ಎಂದು ಯಾರು ಹೇಳಬಲ್ಲರು? ಆದರೆ ಅವನ ತಾಯಿ ಕಣ್ಣಾರೆ ಕಂಡದ್ದನ್ನು ಹೇಳಿದ್ದಳು. ನಾನು ಅವಳ ಬಾಯಿ ಮುಚ್ಚಿಸಿದ್ದೆ.

 ಸರ್ವರಿ ನನ್ನ ಮುಖ ನೋಡಿ, ಎಡಗೈ ಹಿಡಿದು ನಳದ ಹತ್ತಿರ ಕರೆದೊಯ್ದಳು. ಹೆಬ್ಬೆರಳ ಬುಡ ಒತ್ತಿ ಸಾಬೂನು ಹಚ್ಚಿದಳು. "ಕೈ ಢಿಲಾ ಬಿಡ್ರಿ ಅಕ್ಕೋರ, ಬಿಗಿ ಹಿಡೀಬ್ಯಾಡ್ರಿ." ನನಗೆ ಕಣ್ಣೀರು ತಡೆಯಲಾಗಲಿಲ್ಲ.

"ದ್ರೌಪತಿಗೆ ಹ್ಯಾಂಗ ಮುಖ ತೋರಸ್ಲಿ ಸರ್ವರಿ?"

"ಇದ್ದದ್ದ ಇದ್ದಂಗ ಹೇಳ್ರಿ. ಜಗಳ ಓಣ್ಯಾಗ ಮಾಡೀರಿ, ಇದನ್ನೂ ಓಣ್ಯಾಗೇ ಹೇಳ್ರಿ," ಎಂದಳು ಆಕೆ.

ಸಂಜೆ ದ್ರೌಪತಿ ಮಗನನ್ನು ಎತ್ತಿಕೊಂಡು ಹೊಲದಿಂದ ಬರುತ್ತಿದ್ದಳು. ಕಟ್ಟೆಯ ಮೇಲೆ ಹೆಂಗಸರೆಲ್ಲ ಕೂತಿದ್ದರು. ನಾನು ಅಡ್ಡ ನಿಂತು, ಎಲ್ಲರಿಗೂ ಕೇಳುವಂತೆಯೇ ಅಂದೆ, "ದ್ರೌಪತಿ, ನೀ ಅಂದಿದ್ದು ಖರೇ ಅದ. ನಾ ಒಂದ ಕೈ ತೊಳಕೊಂಡು ಎರಡೂ ಕೈಲೆ ನಿನ್ನ ಮಗಗ ತಿನ್ನಿಸೀನಿ. ತಪ್ಪು ನಂದು."

ಬೈಗುಳಕ್ಕೆ ಮೈಯೊಡ್ಡಿ ನಿಂತೆ. ಆಕೆ ಬೈಯಲಿಲ್ಲ. ಉಗುರಿನಲ್ಲಿ ಕಪ್ಪು ಮಣ್ಣು ತುಂಬಿದ್ದ ತನ್ನ ಕೈಯನ್ನೇ ನೋಡಿಕೊಂಡಳು.

"ನಾನೂ ಒಂದ ಕೈನೇ ತೊಳಕೋತೀನ್ರಿ ಅಕ್ಕೋರ. ನಮ್ಮವ್ವ ಹಂಗೇ ಕಲಿಸ್ಯಾಳ," ಎಂದಳು. ಆಮೇಲೆ ಕೇಳಿದಳು, "ನಾಳಿ ಅಂವನ ಜೋಡಿ ನಾನೂ ಬರ್ಲೇನ್ರಿ? ಆ ಸರ್ವರಿಬಾಯಿ ನನಗೂ ಕಲಿಸ್ತಾರೇನು?"

ನಾನು ತಲೆಯಾಡಿಸಿದೆ. ಬಸವಕಿರಣ ತಾಯಿಯ ಕಂಕುಳಿಂದ ನನ್ನ ಕಡೆಗೆ ಬಾಗಿದ. ಎತ್ತಿಕೊಂಡೆ. ತೀರಾ ಹಗುರವಿದ್ದ.