ವರ್ಷಕ್ಕೊಂದು ದಾರದಷ್ಟು

ದೊರೆ ಕುದುರೆ ಹತ್ತುವಾಗ ಒಬ್ಬ ಕೂಲಿಯವನನ್ನು ನೆಲಕ್ಕೆ ಬಗ್ಗಿಸಿ ಅವನ ಬೆನ್ನ ಮೇಲೆ ಕಾಲಿಟ್ಟ. ಬೆನ್ನು ಮುರಿಯಿತು, ಕೂಲಿಯವ ಸತ್ತ. ದೊರೆ ಹೋಗಿ ಗೆದ್ದು ಬಂದು ರಾಜ್ಯ ಕಟ್ಟಿದ, ಬಾವುಟಕ್ಕೆ ಅದೇ ಚಿತ್ರ ಹಾಕಿಸಿದ. ಸತ್ತವನ ಕುಲಕ್ಕೆ ಬೆನ್ನಿನವರು ಎಂದು ಹೆಸರಾಯಿತು.

ಆಮೇಲೆ ಬಾವುಟ ಎಷ್ಟೋ ಸಲ ಬದಲಾಯಿತು. ದೊರೆಗಳು ಹೋಗಿ ಓಟಿನವರು ಬಂದರು. ನೀಲಿ ಇದ್ದದ್ದು ಹಸಿರಾಯಿತು, ಹಸಿರು ಒಂದು ಪಕ್ಷದ ಬಣ್ಣವೆಂದು ಮತ್ತೆ ನೀಲಿಯಾಯಿತು. ಕರೀ ಕುದುರೆ ಬಿಳಿಯಾಯಿತು. ದೊರೆಗೆ ಮೀಸೆ ಬಂತು, ಹೋಯಿತು, ಆ ಮೀಸೆಗಾಗಿ ಎರಡು ದಿನ ಅಂಗಡಿ ಮುಚ್ಚಿಸಿ ಏಳು ಬಸ್ಸು ಸುಟ್ಟ ಮೇಲೆ ತಿರುಗಿ ಬಂತು. ಕೆಳಗೆ ಬಗ್ಗಿದ್ದವನ ಬಗ್ಗೆ ಮಾತ್ರ ಯಾರದೂ ತಕರಾರಿರಲಿಲ್ಲ.

“ಏ ಬೆನ್ನು! ಕಿವಿಗೇನು ದಾರ ತುರುಕ್ಕೊಂಡಿದ್ದೀಯಾ? ಬಾರೇ ಇಲ್ಲಿ!”

ಬಾವುಟ ಹೊಲಿಯುವ ಸರ್ಕಾರಿ ಶೆಡ್ಡಿನಲ್ಲಿ ಮೇಸ್ತ್ರಿ ಕೂಗಿದ. ಸೊಸೆ ಸೂಜಿಯನ್ನು ತೋಳಿನ ಬಟ್ಟೆಗೆ ಚುಚ್ಚಿಕೊಂಡು ಎದ್ದಳು. ಅವಳಿಗೀಗ ನಲವತ್ತೆರಡು. ಅತ್ತೆಯ ಕಣ್ಣು ಮಂಜಾದಾಗ ಅವಳ ಜಾಗಕ್ಕೆ ಬಂದವಳು. ಅತ್ತೆ ಮಣ್ಣಾಗಿ ಎಷ್ಟೋ ಕಾಲವಾದರೂ ಶೆಡ್ಡಿಗೆಲ್ಲ ಅವಳಿನ್ನೂ ಸೊಸೆಯೇ.

“ಹೊಸ ವರ್ಷದ ಕಾಗದ ಚುಚ್ಚಿ ಆಯ್ತಾ?”

“ಆಯ್ತು ಮೇಸ್ತ್ರಿ.”

“ಆಯ್ತು ಅಂತ ಅಲ್ಲೇ ನಿಂತು ಬೊಗಳಿದ್ರೆ? ತಂದುಕೊಡೋಕೆ ನಿಮ್ಮಪ್ಪ ಬರ್ತಾನಾ?”

“ಅವನೆಲ್ಲಿ ಬರ್ತಾನೆ? ನಿಮ್ಮ ಗೋದಾಮಿನ ಮೂಟೆ ಕೆಳಗೇ ಹೋದ.”

“ಬಾಯಿ ನೋಡು ಲೌಡಿದು! ಇವತ್ತು ಕಮಿಟಿಯವರು ಬರ್ತಾರೆ. ಅವರೆದುರು ಹೀಗೆ ಬಾಯಿ ಬಿಟ್ಟೀಯ, ಹಲ್ಲು ಉದುರಿಸ್ತೀನಿ.”

ಸೊಸೆ ಕಾಗದ ಕೊಟ್ಟು ತನ್ನ ಜಾಗಕ್ಕೆ ಬಂದಳು. ದೊರೆಯ ಮುಖ ಹೊಲಿಯುವವರಿಗೆ ಕಿಟಕಿಯ ಪಕ್ಕ ಜಾಗ, ಮೈ ಕೈ ಹೊಲಿಯುವವರಿಗೆ ಫ್ಯಾನಿನ ಕೆಳಗೆ. ಬೆನ್ನಿನವರ ಕುಲದ ಇಬ್ಬರೂ ಕಕ್ಕಸಿನ ಗೋಡೆಗೆ ಒರಗಿ ಕೂರಬೇಕು. ಸೊಸೆಯದು ಬಗ್ಗಿದವನ ಬೆನ್ನು, ಅವಳ ನಾದಿನಿಯದು ಕುದುರೆಯ ಬಾಲ.

“ನಮ್ಮಿಬ್ಬರ ಹಣೇಲೂ ಹಿಂಭಾಗವೇ ಬರ್ದಿದೆ ನೋಡತ್ತಿಗೆ,” ಎಂದಳು ನಾದಿನಿ. “ಯಾರದು ಯಾರದು ಅನ್ನೋದಷ್ಟೇ ಬೇರೆ.”

ಕಾಗದ ಚುಚ್ಚುವುದೂ ಸೊಸೆಯ ಪಾಲಿನದೇ. ಹೋದ ವರ್ಷದ ಮಾದರಿ ಬಾವುಟದ ಮೇಲೆ ತೆಳು ಕಾಗದ ಹರಡಿ, ಗೆರೆಯ ಉದ್ದಕ್ಕೂ ಸೂಜಿಯಿಂದ ಸಾವಿರಾರು ತೂತು ಹಾಕಬೇಕು. ಆ ಕಾಗದವನ್ನು ಹೊಸ ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದ ಪುಡಿ ಉಜ್ಜಿದರೆ ಚುಕ್ಕಿ ಚುಕ್ಕಿಯಾಗಿ ಚಿತ್ರ ಇಳಿಯುತ್ತದೆ. ಚುಕ್ಕಿ ಹಿಡಿದು ಎಲ್ಲರೂ ಹೊಲಿಯುತ್ತಾರೆ. ಬೆರಳ ತುದಿ ಜರಡಿಯಾಗುವ ಕೆಲಸವಾದ್ದರಿಂದ ಅದಕ್ಕೆ ಬೇರೆ ಯಾರೂ ಕೈ ಹಾಕುತ್ತಿರಲಿಲ್ಲ.

ಅದನ್ನು ಅತ್ತೆ ಕಲಿಸಿದ ದಿನ ಸೊಸೆಗೆ ಚೆನ್ನಾಗಿ ನೆನಪಿದೆ.

“ಇಲ್ಲಿ ನೋಡೇ. ಬೆನ್ನಿನ ಗೆರೆ ಇಲ್ಲಿದೆಯಾ? ನೀನು ಇದಕ್ಕಿಂತ ಒಂದು ದಾರದಷ್ಟು ಮೇಲೆ ಚುಚ್ಚು. ಒಂದೇ. ಎರಡಾದ್ರೆ ಸಿಕ್ಕಿಬೀಳ್ತೀಯ.”

“ಯಾಕತ್ತೆ?”

“ಯಾಕೆ ಅಂದ್ರೆ? ಎಷ್ಟು ಕಾಲ ಅಂತ ಬಗ್ಗಿರ್ತಾನೆ, ಸೊಂಟ ನೋಯಲ್ವಾ? ನಿಮ್ಮ ಮಾವ ಅರ್ಧ ದಿನ ಮೂಟೆ ಹೊತ್ತು ಬಂದ್ರೇ ಅಯ್ಯೋ ಅಮ್ಮಾ ಅಂತಾನೆ.”

“ಮತ್ತೆ ದೊರೆ ಕಾಲು? ಅದನ್ನೇನು ಮಾಡೋದು?”

“ಅವನ ಕಾಲು, ಅವನೇ ಎತ್ಕೋತಾನೆ. ನಿಂಗ್ಯಾಕೆ?”

ಹೀಗೆ ಅತ್ತೆ ಇಪ್ಪತ್ತು ವರ್ಷ ಚುಚ್ಚಿದಳು, ಸೊಸೆ ಹದಿನೆಂಟು ವರ್ಷ. ವರ್ಷದ ಮೊದಲ ಬಾವುಟವೇ ಮುಂದಿನ ವರ್ಷಕ್ಕೆ ಮಾದರಿ, ಹಳೆಯದು ಮ್ಯೂಸಿಯಮ್ಮಿಗೆ. ಹೋದ ವರ್ಷದ್ದನ್ನೂ ಈ ವರ್ಷದ್ದನ್ನೂ ಪಕ್ಕ ಪಕ್ಕ ಇಟ್ಟು ಸಹಿ ಹಾಕುವ ಸಾಹೇಬನಿಗೆ ಒಂದು ದಾರದ ಏರುಪೇರು ಕಾಣುವಂಥದ್ದಲ್ಲ. ಅಂತೂ ಮೂವತ್ತೆಂಟು ವರ್ಷಕ್ಕೆ, ಅಂಗೈ ಮೊಣಕಾಲು ಊರಿ ಬಗ್ಗಿದ್ದವನು ಅಂಗೈ ಎತ್ತಿ, ಮಂಡಿ ಬಿಡಿಸಿ, ಇನ್ನೇನು ಎದ್ದೇಬಿಟ್ಟ ಅನ್ನುವಂತಾಗಿದ್ದ. ಅವನ ಮೇಲೆ ಕಾಲಿಟ್ಟಿದ್ದ ದೊರೆಯ ಮಂಡಿ ಗಲ್ಲಕ್ಕೆ ಬಂದಿತ್ತು.

ಹೋದ ತಿಂಗಳು ನೆರೆರಾಜ್ಯದ ಒಂದು ದೊಡ್ಡ ಸಭೆಯಲ್ಲಿ ಯಾರೋ ಅತಿಥಿ ಬಾವುಟ ನೋಡಿ, “ನಿಮ್ಮ ದೊರೆ ಹತ್ತುತ್ತಿದ್ದಾರೋ, ಬೀಳುತ್ತಿದ್ದಾರೋ?” ಎಂದು ಕೇಳಿಬಿಟ್ಟ. ರಾಜ್ಯಕ್ಕೆ ರಾಜ್ಯವೇ ಹೊತ್ತಿಕೊಂಡಿತು. ಕಮಿಟಿಯಾಯಿತು. ಇಬ್ಬರು ಪಂಡಿತರು ಮ್ಯೂಸಿಯಮ್ಮಿನಲ್ಲಿ ಮೂವತ್ತೆಂಟು ಬಾವುಟಗಳನ್ನು ಸಾಲಾಗಿ ತೂಗುಹಾಕಿ ನೋಡಿ ಬೆವರಿದರು. ಮನುಷ್ಯ ಏಳುತ್ತಿದ್ದ. ದೊರೆಯ ಪಾದಸ್ಪರ್ಶದಿಂದಲೇ ಬಡವ ಮೇಲೇಳುತ್ತಿದ್ದಾನೆ ಎಂದು ದಪ್ಪ ಪಂಡಿತರು ನಲವತ್ತು ಪುಟ ಬರೆದರು. ಇದು ಶತ್ರುಗಳ ಪಿತೂರಿ ಎಂದು ಸಣ್ಣ ಪಂಡಿತರು ಐವತ್ತು ಪುಟ ಬರೆದರು. ತಮ್ಮ ಆಡಳಿತದಲ್ಲಿ ಅವನು ಎಷ್ಟು ಎದ್ದನೆಂದು ಆಳುವ ಪಕ್ಷ ಗೋಡೆಗೋಡೆಗೆ ಪೋಸ್ಟರ್ ಅಂಟಿಸಿತು. ಅವನನ್ನು ತೆಗೆದು ಸ್ಟೂಲು ಹಾಕೋಣ ಎಂದರು ಕೆಲವರು. ಆಗ ಬೆನ್ನಿನವರ ಪೈಕಿ ಇದ್ದ ಒಬ್ಬನೇ ಶಾಸಕ ಎದ್ದು, “ಬಾವುಟದಲ್ಲಿ ನಮಗಿರೋದು ಅದೊಂದೇ ಸೀಟು, ಅದನ್ನೂ ಕಿತ್ತುಕೊಳ್ಳಬೇಡಿ,” ಎಂದು ಗಳಗಳ ಅತ್ತ. ಸೂಜಿ ಹಿಡಿದವರನ್ನು ಒಂದು ಮಾತು ಕೇಳೋಣ ಎಂದು ಯಾರಿಗೂ ಹೊಳೆಯಲಿಲ್ಲ.

ಕೊನೆಗೆ ಸರ್ಕಾರ ಆದೇಶ ಹೊರಡಿಸಿತು: ಮೊದಲು ಎಷ್ಟು ಬಗ್ಗಿದ್ದನೋ ಅಷ್ಟೇ ಬಗ್ಗಬೇಕು.

ಎಷ್ಟು ಬಗ್ಗಿದ್ದ? ಮೂವತ್ತೆಂಟರಲ್ಲಿ ಮೊದಲನೆಯದರಲ್ಲೂ ಆಗಲೇ ಎದ್ದಿರಬಹುದೆಂಬ ಅನುಮಾನದಿಂದ ದೊರೆಯ ಕಾಲದ ಬಾವುಟವನ್ನೇ ತೆಗೆಸಿದರು. ದೊರೆಯನ್ನು ಜರಿಯಲ್ಲಿ ಹೊಲಿದಿದ್ದರು, ಬೆನ್ನಿನವನನ್ನು ಉಣ್ಣೆಯಲ್ಲಿ. ನುಸಿಗೆ ಜರಿ ಸೇರುವುದಿಲ್ಲ. ದೊರೆಯ ಕಾಲ ಕೆಳಗೆ ದೊಡ್ಡದೊಂದು ತೂತಿತ್ತು.

ಮಧ್ಯಾಹ್ನ ಕಮಿಟಿ ಶೆಡ್ಡಿಗೆ ಬಂತು. ಕಾರ್ಯದರ್ಶಿ, ಇಬ್ಬರು ಪಂಡಿತರು, ಹಲಗೆ ಪೆನ್ಸಿಲ್ಲು ಹಿಡಿದ ಒಬ್ಬ ಚಿತ್ರಗಾರ. ಮೇಸ್ತ್ರಿ ಕೈ ಕಟ್ಟಿ ನಿಂತ.

“ಬೆನ್ನಿನವರು ಯಾರಿದ್ದಾರೆ ಇಲ್ಲಿ?” ಎಂದರು ಕಾರ್ಯದರ್ಶಿ.

ಮೇಸ್ತ್ರಿ ಸೊಸೆಯ ರಟ್ಟೆ ಹಿಡಿದು ಎಳೆತಂದ.

“ಹೆದರಬೇಡಿ ಅಮ್ಮ. ಒಂದೈದು ನಿಮಿಷ ನೀವು ನೆಲಕ್ಕೆ ಕೈ ಊರಿ ಬಗ್ಗಬೇಕು. ಪಂಡಿತರು ಮೇಲೆ ಕಾಲಿಡ್ತಾರೆ, ಇವರು ಗೆರೆ ಹಾಕ್ಕೋತಾರೆ. ಬರೀ ಅಳತೆಗೆ. ಬೇರೆ ಉದ್ದೇಶ ಏನಿಲ್ಲ.”

ದಪ್ಪ ಪಂಡಿತರು ಆಗಲೇ ಕುರ್ಚಿ ಹಿಡಿದು ಬೂಟು ಬಿಚ್ಚುತ್ತಿದ್ದರು. “ಕಾಲುಚೀಲ ಇವತ್ತೇ ಒಗೆದದ್ದು ಕಣಮ್ಮ, ನಿಮ್ಮ ಬಟ್ಟೆ ಕೊಳೆಯಾಗಲ್ಲ.”

“ಇವರನ್ನ ಹೊರೋಕೆ ಕುದುರೆನೇ ಬಗ್ಗಬೇಕು,” ಎಂದಳು ಹಿಂದಿನಿಂದ ನಾದಿನಿ. ಕಿಟಕಿಯ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಸೊಸೆ ಅಲುಗಲಿಲ್ಲ. ಮೇಸ್ತ್ರಿ ಅವಳ ಕಿವಿಯ ಹತ್ತಿರ ಬಾಯಿ ತಂದ.

“ಬಗ್ಗೇ, ಮುಂಡೇದೇ. ಕಾಗದ ಚುಚ್ಚೋ ಕೈ ಯಾರದು ಅಂತ ನಂಗೊತ್ತಿಲ್ಲ ಅನ್ಕೊಂಡ್ಯಾ? ಈಗ ಬಗ್ಗಿದ್ರೆ ಕಾಗದ ಥಂಡಿಗೆ ಹಿಗ್ಗಿ ಹಾಗಾಯ್ತು ಅಂತ ಬರೆಸಿ ಮುಚ್ಚಾಕ್ತೀನಿ. ಇಲ್ಲ ಅಂದ್ರೆ ನಾಳೆಯಿಂದ ನೀನೂ ನಿನ್ನ ನಾದಿನೀನೂ ಗೋದಾಮಲ್ಲಿ ಮೂಟೆ ಹೊರ್ತೀರ.”

ಆ ಗೋದಾಮು ಅವಳ ಮಾವನನ್ನೂ ಅಪ್ಪನನ್ನೂ ತಿಂದಿತ್ತು. ಅಲ್ಲೇ ಸೊಂಟ ಬಿದ್ದ ಗಂಡ ಮನೆಯಲ್ಲಿ ಗೋಡೆ ಹಿಡಿದು ಓಡಾಡುತ್ತಿದ್ದ. ಕುಲದಲ್ಲಿ ಕೂತು ಮಾಡುವ ಕೆಲಸ ಸಿಕ್ಕಿದ್ದು ಈ ಎರಡು ಜಾಗ ಮಾತ್ರ, ಕಕ್ಕಸಿನ ಗೋಡೆಯಾದರೂ ಸರಿಯೇ. ತನ್ನದು ಹೇಗೋ ಆಗಲಿ, ಇನ್ನೊಂದು ತನ್ನದಲ್ಲ. ಸೊಸೆ ತಿರುಗಿ ನಾದಿನಿಯ ಮುಖ ನೋಡಿದಳು.

“ನನ್ನನ್ಯಾಕೆ ನೋಡ್ತೀಯ ಅತ್ತಿಗೆ?” ಎಂದಳು ಅವಳು, ಕೈಲಿದ್ದ ಬಾಲ ಕೆಳಗಿಟ್ಟು. “ನಂಗೂ ಈ ಕುದುರೆ ಸಾಕಾಗಿದೆ.”

ಸೊಸೆ ಕಾರ್ಯದರ್ಶಿಯ ಕಡೆ ತಿರುಗಿದಳು.

“ಸಾರ್, ಪಿತೂರಿ ಅಂತ ಬರೆದಿದ್ದೀರಂತಲ್ಲ, ಅದು ನಾನೇ. ನಾನೂ ನಮ್ಮತ್ತೇನೂ.”

ದಪ್ಪ ಪಂಡಿತರು ಅಕ್ಕರೆಯಿಂದ ನಕ್ಕರು. “ಹಾಗಲ್ಲಮ್ಮ. ಅದು ಐತಿಹಾಸಿಕ ಪ್ರಕ್ರಿಯೆ. ನಿಮಗೆ ತಿಳಿಯೋದಿಲ್ಲ.”

“ಕಾಗದ ಚುಚ್ಚೋವಾಗ ವರ್ಷಕ್ಕೊಂದು ದಾರದಷ್ಟು ಮೇಲೆ ಚುಚ್ಚಿದ್ವಿ. ಮೂವತ್ತೆಂಟು ವರ್ಷಕ್ಕೆ ಮೂವತ್ತೆಂಟು ದಾರ. ನಿಮ್ಮ ಬಾವುಟಗಳನ್ನ ಒಂದರ ಮೇಲೊಂದು ಇಟ್ಟು ಎಣಿಸ್ಕೊಳ್ಳಿ.”

ಪಂಡಿತರ ನಗು ಹಾಗೇ ನಿಂತಿತು. ಸಣ್ಣ ಪಂಡಿತರು ಮೇಸ್ತ್ರಿಯ ಮೇಜಿನಿಂದ ಹೊಸ ವರ್ಷದ ಕಾಗದ ಎತ್ತಿ, ಮಾದರಿ ಬಾವುಟದ ಮೇಲಿಟ್ಟು, ಕನ್ನಡಕ ಏರಿಸಿ ನೋಡಿದರು. ತೂತುಗಳ ಸಾಲು ಬೆನ್ನಿನ ಗೆರೆಗಿಂತ ಒಂದು ದಾರದಷ್ಟು ಮೇಲಿತ್ತು. ಐವತ್ತು ಪುಟ ಬರೆದವರು ಆ ಒಂದು ಗೆರೆಗೆ ಬೆರಳಿಟ್ಟು ತೋರಿಸಿ ಕಾಗದವನ್ನು ಕಾರ್ಯದರ್ಶಿಗೆ ಕೊಟ್ಟರು.

ಕಾರ್ಯದರ್ಶಿಯ ಬಾಯಲ್ಲಿದ್ದ ‘ಅಮ್ಮ’ ಎಲ್ಲಿ ಹೋಯಿತೋ.

“ಹಾಗಾದ್ರೆ ನೀನೇ ಸರಿ ಮಾಡು. ಮೇಸ್ತ್ರಿ, ಹೊಸ ಕಾಗದ ಕೊಡಿ ಇವಳಿಗೆ. ಕೂತ್ಕೋ. ನಮ್ಮೆದುರಿಗೇ ಚುಚ್ಚು. ಮೂವತ್ತೆಂಟು ದಾರಾನೂ ಕೆಳಗಿಳಿಸು.”

ಮೇಸ್ತ್ರಿ ಕಾಗದ ಹರಡಿದ. ಸ್ಟೂಲು ಎಳೆದು ಹಾಕಿದ. ಅವಳ ತೋಳಿನಿಂದ ತಾನೇ ಸೂಜಿ ಕಿತ್ತು ಅವಳ ಬೆರಳಿಗೆ ತುರುಕಿದ. ಶೆಡ್ಡಿನಲ್ಲಿ ಒಂದು ಕೈಯೂ ಆಡುತ್ತಿರಲಿಲ್ಲ. ದೊರೆಯ ಮುಖ ಹೊಲಿಯುವವರೂ ಕುತ್ತಿಗೆ ಹೊರಳಿಸಿ ಕಕ್ಕಸಿನ ಗೋಡೆಯತ್ತಲೇ ನೋಡುತ್ತಿದ್ದರು.

ಸೊಸೆ ಸೂಜಿಯನ್ನು ಕಾಗದದ ಮೇಲೆ ಅಡ್ಡಡ್ಡ ಇಟ್ಟಳು.

“ಕೂರಲ್ಲ ಸಾರ್,” ಎಂದಳು. “ಅವನನ್ನ ಬಗ್ಗಿಸೋದು ನಂಗೆ ಬರಲ್ಲ. ಬಂದ್ರೂ ಮಾಡಲ್ಲ.”