ಮತ್ತೊಮ್ಮೆ ಕೆಂಪಾದ ಕಬ್ಬಿಣ

ಒದ್ದೆ ಬಟ್ಟೆಯಿಂದ, ತೀರಿಕೊಂಡ ಅಪ್ಪನ ಮುಂಗೈ ಒರೆಸುತ್ತಿದ್ದ ಕರುಣಾಳ ಪಕ್ಕಕ್ಕೆ ಅಬ್ದುಲ್ ಸಲಾಂ ಬಂದು, ಗೋಡೆ ಹಿಡಿದು ಕುಳಿತ. ಶಹಾಬಾದಿನ ಕಾರ್ಖಾನೆಯೊಂದರಲ್ಲಿ ಅಪ್ಪ ಮಾಣಿಕಪ್ಪ ಕುಲುಮೆ ನೋಡಿಕೊಳ್ಳುತ್ತಿದ್ದಾಗ ಅವನ ಕೈಕೆಳಗಿದ್ದವನು. ಹೊರಗೆ ಬೇವಿನ ನೆರಳಲ್ಲಿ ಹಳೆಯ ಕೆಲಸಗಾರರು ಕುಳಿತಿದ್ದರು. ಅವರಲ್ಲಿ ದೇವಿಂದ್ರಪ್ಪ, ರೂಢಿಯಂತೆ, ‘ಮಾಣಿಕಪ್ಪನ ದೀಪ’ದ ಕತೆ ತೆಗೆದ. ಆರುವ ಕಬ್ಬಿಣ ತಾನಾಗಿಯೇ ಮತ್ತೆ ಕೆಂಪಾಗುತ್ತದೆ ಎಂದು ವಾದಿಸಿ ಕುಲುಮೆ ಕಳಕೊಂಡವನ ಕತೆ. ಇಬ್ಬರು ನಕ್ಕರು, ಸಾವಿನ ಮನೆಯೆಂದು ನೆನಪಾಗಿ ಸುಮ್ಮನಾದರು.

ಸಲಾಂ ನಗಲಿಲ್ಲ.

*

ಇಪ್ಪತ್ತೆರಡು ವರ್ಷಗಳ ಹಿಂದೆ, ಕಲ್ಲು ಒಡೆಯುವ ಯಂತ್ರದ ದಪ್ಪ ಪಿನ್ನುಗಳನ್ನು ಕಾಸಿ ಎಣ್ಣೆಗೆ ಅದ್ದಬೇಕಿತ್ತು. ಅದ್ದಲು ಅಪ್ಪಣೆ ಕೊಡಬೇಕಾದ ಹೊಸ ಸಾಹೇಬನ ಫೋನು ಮುಗಿಯುವವರೆಗೆ ಅವು ಹೊರಗೇ ಆರುತ್ತಿದ್ದವು. ಕೆಂಪು ಮಂಕಾಯಿತು. ಇನ್ನೇನು ಕಪ್ಪಾಗಬೇಕು, ಆಗ ಒಂದು ಗಳಿಗೆ ತಾನಾಗಿ ಬೆಳಗಿ ಮತ್ತೆ ಮಂಕಾಯಿತು. ತಾನಾಗಿ ಬೆಳಗಿಬಿಟ್ಟಿತು, ಇನ್ನು ಅದ್ದಿದರೆ ಗಟ್ಟಿಯಾಗುವುದಿಲ್ಲ, ತಿರುಗಿ ಕಾಸಬೇಕು ಎಂದ ಮಾಣಿಕಪ್ಪ. ಹೊರತೆಗೆದ ಕಬ್ಬಿಣ ತಾನಾಗಿ ಬೆಳಗುವುದುಂಟೇ, ಕುಡಿದು ಬಂದಿದ್ದೀಯಾ ಎಂದ ಸಾಹೇಬ, ಸಲಾಂನನ್ನೂ ಕೇಳಿದ. ಸಲಾಂ ಹಂಗಾಮಿ ಕೆಲಸದವ. ಏನೂ ನೋಡಲಿಲ್ಲ ಎಂದ. ಮರುದಿನದಿಂದ ಮಾಣಿಕಪ್ಪ ಅಂಗಳದಲ್ಲಿ ಗುಜರಿ ಹೊತ್ತ. ತಿರುಗಿ ಕಾಸದೆ ಅದ್ದಿದ ಪಿನ್ನುಗಳು ಎಂಟು ದಿನಕ್ಕೆ ಸವೆದವು. ಯಾಕೆಂದು ಯಾರೂ ಕೇಳಲಿಲ್ಲ.

ಆರು ವರ್ಷದ ಮೇಲೆ, ಡಿಪ್ಲೊಮಾ ಓದುತ್ತಿದ್ದ ಕರುಣಾಗೆ ಕಬ್ಬಿಣ ಹಾಗೆ ಬೆಳಗುವುದರ ಕಾರಣ ಪುಸ್ತಕದಲ್ಲಿ ಸಿಕ್ಕಿತು. ನಿಂಬೆಹಣ್ಣು ತಂದು ಅಪ್ಪನ ಮುಂದೆ ಜೋಡಿಸಿದಳು: ಒಂದರ ಸುತ್ತ ಆರು, ಮೇಲಿನ ತಗ್ಗುಗಳಲ್ಲಿ ಮೂರು. ಕೆಳಗೂ ಮೂರು ಇವೆ ಎಂದುಕೋ ಎಂದಳು. ಕಬ್ಬಿಣ ಚೆನ್ನಾಗಿ ಕಾದಾಗ ಅದರ ಪರಮಾಣುಗಳು ಹೀಗೆ ಒತ್ತೊತ್ತಾಗಿ ಕೂಡುತ್ತವೆ, ಪ್ರತಿಯೊಂದಕ್ಕೂ ಹನ್ನೆರಡು ನೆರೆಯವರು. ಆರುವಾಗ ಆ ಜೋಡಣೆ ಮುರಿದು, ಎಂಟೇ ನೆರೆಯವರಿರುವ ಸಡಿಲ ಜೋಡಣೆಗೆ ಹೊರಳುತ್ತವೆ. ಹೊರಳುವಾಗ ಒಳಗಿನ ಶಾಖ ಹೊರಬೀಳುತ್ತದೆ; ಬೆಳಗುವುದು ಅದೇ. ಗಟ್ಟಿಯಾಗಬೇಕಿದ್ದರೆ ಅದಕ್ಕೂ ಮೊದಲೇ ಎಣ್ಣೆಗೆ ಹಾಕಬೇಕು.

ಅಪ್ಪ ಮೇಲಿನ ಒಂದು ಹಣ್ಣು ಎತ್ತಿ, ಮತ್ತೆ ಅದರ ತಗ್ಗಿನಲ್ಲೇ ಇಟ್ಟ.

“ಪುಸ್ತಕದಾಗ ಅದ ಅಂದ್ರ,” ಎಂದ, “ಮತ್ತ್ಯಾರೋ ನೋಡ್ಯಾರ.”

*

“ನಾನೂ ನೋಡಿದ್ದೆ ಬೇಟಿ,” ಎಂದ ಸಲಾಂ. “ಅವತ್ತು ಇಲ್ಲಂದೆ. ಕುಲುಮಿ ನನಗ ಕೊಟ್ರು. ನಿಮ್ಮಪ್ಪ ಒಂದ್ ಮಾತೂ ಕೇಳಲಿಲ್ಲ.”

ಕರುಣಾ ಬಟ್ಟೆ ಹಿಂಡಿದಳು. ನಿನ್ನೆಯವರೆಗೂ ಅಪ್ಪ ಉಸಿರಾಡುತ್ತಿದ್ದ. ಈ ಓಣಿಯ ದಾರಿ ಇವನಿಗೆ ಗೊತ್ತಿರಲಿಲ್ಲವೇ?

“ನನಗ ಹೇಳಿ ಏನ್ ಆಗ್ತದ ಚಾಚಾ,” ಎಂದಳು. “ಹೊರಗ ಕುಂತಾರಲ್ಲ, ಅವರ ಮುಂದ ಹೇಳ್ರಿ.”

ಸ್ಮಶಾನದಲ್ಲಿ ಬುದ್ಧ, ಧಮ್ಮ, ಸಂಘಕ್ಕೆ ಶರಣೆನ್ನುವ ತ್ರಿಸರಣ ಮುಗಿದ ಮೇಲೆ ಅಣ್ಣ ಅಜಯಕುಮಾರ, ಎರಡು ಮಾತಾಡುವವರಿದ್ದರೆ ಬರಲಿ ಎಂದ. ಸಲಾಂ ಮುಂದೆ ಬಂದ. ಟೋಪಿ ಸರಿಮಾಡಿಕೊಂಡು, ಕಬ್ಬಿಣ ಬೆಳಗಿದ್ದು ಖರೆ, ಕಣ್ಣಾರೆ ಕಂಡಿದ್ದೆ, ನೌಕರಿಯ ಆಸೆಗೆ ಸುಳ್ಳು ಹೇಳಿದೆ ಎಂದ. ಆಮೇಲೆ ಅದೇ ಕುಲುಮೆಯ ಮುಂದೆ ಅದನ್ನು ಎಷ್ಟೋ ಸಲ ಕಂಡೆ, ಕಂಡಾಗೆಲ್ಲ ಮುಖ ತಿರುಗಿಸಿದೆ ಎಂದ.

ಮಣ್ಣು ಹಾಕುವ ಹೊತ್ತಿಗೆ, ‘ದೀಪ’ದ ಕತೆ ತೆಗೆದಿದ್ದ ದೇವಿಂದ್ರಪ್ಪ, ಕೊಟ್ಟ ಸಲಿಕೆ ಬೇಡವೆಂದು ಕುಣಿಯ ಅಂಚಿನಲ್ಲಿ ಮೊಣಕಾಲೂರಿದ. ಎರೆಮಣ್ಣಿನ ಹೆಂಟೆಗಳನ್ನು ಒಂದೊಂದಾಗಿ ಅಂಗೈಯಲ್ಲಿ ಹಿಸುಕಿ, ಪುಡಿ ಮಾಡಿ, ಮಾಣಿಕಪ್ಪನ ಎದೆಯ ಮೇಲೆ ಮೆಲ್ಲಗೆ ಉದುರಿಸತೊಡಗಿದ.